ಕಲ್ಲು ಹೇಳುವುದು, ಹೇಳದಿರುವುದು

ಕಲ್ಲನ್ನೂ ಪುಸ್ತಕದಂತೆ ಓದಬಹುದು, ವಿಮರ್ಶಿಸಬಹುದು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿರುವ ವೀರಗಲ್ಲುಗಳನ್ನೇ ನೋಡಿ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಊರಿನ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಇಂಥ ಕಲ್ಲು ಸಿಕ್ಕಿತು. ಅದು ದೊಡ್ಡ ಗುಣ. ಆದರೆ ಮಾಸ್ತಿಕಲ್ಲಿನ ಮುಂದೆ ನಿಂತರೆ ಮನಸ್ಸು ಹಿಂಜರಿಯುತ್ತದೆ. ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು. ಚಿತೆಯೇರಿದವಳಿಗೆ ಕಲ್ಲುಂಟು, ಬದುಕಿ ಉಳಿದು ಮಕ್ಕಳನ್ನು ಸಾಕಿದವಳಿಗೆ ಇಲ್ಲ.

ಇದೇ ಕಣ್ಣಿನಿಂದ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನೂ ಓದಬೇಕು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಅಲ್ಲಿ ನೆಲೆನಿಂತ ಪರದೇಶದ ಸೈನಿಕರದು, ಅವರ ಸಂಸಾರಗಳದು, ಸುಮಾರು 300 ಸಮಾಧಿಗಳು. ವೀರಗಲ್ಲಿಗಿಂತ ಇವು ಒಂದು ವಿಷಯದಲ್ಲಿ ಮೇಲು: ಕಾಯಿಲೆಯಿಂದ ಸತ್ತ ಹೆಂಗಸಿಗೂ, ಎಳೆಗೂಸಿಗೂ ಇಲ್ಲಿ ಕಲ್ಲುಂಟು. ಸಾವು ಕಲ್ಲಿಗೆ ತಕ್ಕದ್ದಾಗಲು ಕತ್ತಿಯೇಟೂ ಬೇಡ, ಚಿತೆಯೂ ಬೇಡ.

ಹಾಗೆಂದು ಈ ಕಲ್ಲುಗಳು ಎಲ್ಲವನ್ನೂ ಹೇಳುವುದಿಲ್ಲ. ಇಲ್ಲಿ ಮಲಗಿದವರಲ್ಲಿ ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. 1781ರಲ್ಲಿ ಡಚ್ಚರ ಕಂಪನಿಗಾಗಿ ಕಟ್ಟಿದ ಆ ಪಡೆ 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಬಂತು. ಟಿಪ್ಪುವಿನ ಮೇಲೆ ಅವರಿಗೆ ಯಾವ ಹಗೆ? ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗಿನಿಂದ ಆ ಊರು ಹೊಟ್ಟೆಪಾಡಿಗೆ ಮನೆ ಬಿಟ್ಟು ಬಂದವರನ್ನು ಕಂಡಿದೆ. ಸಿಪಾಯಿಯದೂ ಅಂಥದೇ ದುಡಿಮೆ. ಕೊಲ್ಲುವುದು, ಸಾಯುವುದು ಅದರಲ್ಲಿ ಸೇರಿತ್ತು ಎಂಬುದೇ ವ್ಯತ್ಯಾಸ. ಅಧಿಕಾರಿಯ ಗೋರಿಯ ಠೀವಿ ಈ ಮಾತನ್ನು ಮುಚ್ಚುತ್ತದೆ.

ಇನ್ನೊಂದು ಮೌನವೂ ಇದೆ. ಕಂಪನಿಯ ಸೈನ್ಯದಲ್ಲಿ ಬಹುಪಾಲು ನಮ್ಮ ನೆಲದ ಸಿಪಾಯಿಗಳೇ. ಕೋಟೆ ಕಾಯುತ್ತ ಸತ್ತವರೂ ನಮ್ಮವರೇ. ಈ ಆವರಣದಲ್ಲಿ ಅವರಿಗೆ ಕಲ್ಲಿಲ್ಲ. ಅವರ ಹೆಂಡಿರ ಅಳುವನ್ನು ಬರೆಸಿದವರೂ ಇಲ್ಲ.

ಪಾಳುಬಿದ್ದಿದ್ದ ಈ ಸ್ಮಶಾನವನ್ನು ದ ಮ್ಯೂರಾನ್ ವಂಶದವರು ಈಚಿನ ದಶಕಗಳಲ್ಲಿ ದುರಸ್ತಿ ಮಾಡಿಸಿದರು. ಇನ್ನೂರು ವರ್ಷಗಳ ನಂತರವೂ ತಮ್ಮವರನ್ನು ಹುಡುಕಿ ಬಂದದ್ದು ಮೆಚ್ಚತಕ್ಕದ್ದೇ. ಮಕ್ಕಳನ್ನು ದರಿಯಾ ದೌಲತ್ ತೋರಿಸಲು ಕರೆದೊಯ್ದಾಗ ಇಲ್ಲಿಗೂ ಕರೆತನ್ನಿ. ಆ ಎಳೆಗೂಸುಗಳ ವಯಸ್ಸನ್ನು ಅವರಿಂದಲೇ ಓದಿಸಿ. ನಮ್ಮ ಸಿಪಾಯಿಗಳ ಕಲ್ಲು ಎಲ್ಲಿ ಎಂದು ಅವರು ಕೇಳಿದರೆ, ತಡೆಯಬೇಡಿ.