ನರತಂತುವಿನ ಬೆಳವಣಿಗೆಯೂ ಪ್ರಮಾಣವಿಚಾರವೂ

ಇತಿಹಾಸದ ಅಧ್ಯಾಪಕರಾದ ನಾವು ನರಕೋಶವನ್ನು ಕುರಿತು ಬರೆಯಹೊರಟುದನ್ನು ಕಂಡು ವಾಚಕರು ಅಚ್ಚರಿಪಡಬಹುದು. ಜೀವಶಾಸ್ತ್ರದ ಸತ್ಯಾಸತ್ಯಗಳನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ಹೇಳಿಕೆ ಯಾವ ಆಧಾರದ ಮೇಲೆ ನಿಂತಿದೆ, ಆ ಆಧಾರ ಎಷ್ಟು ಭಾರವನ್ನು ಹೊರಬಲ್ಲುದು ಎಂದು ಕೇಳುವುದು ನಮ್ಮ ಶಾಸ್ತ್ರದ ನಿತ್ಯದ ಕೆಲಸ. ಜರ್ಮನಿಯ ನರವಿಜ್ಞಾನಿ ಫ್ರಾಂಕ್ ಬ್ರಾಡ್ಕೆಯವರ ಸಂಶೋಧನೆಯನ್ನು ಈ ಒಂದು ದೃಷ್ಟಿಯಿಂದ ಮಾತ್ರ ಇಲ್ಲಿ ಪರಿಶೀಲಿಸಿದ್ದೇವೆ.

ಬೆಳೆಯುವ ನರತಂತುವಿನ ತುದಿಯಲ್ಲಿ ಶಂಕುವಿನಾಕಾರದ ಒಂದು ಭಾಗವಿರುವುದನ್ನು ಸ್ಪೇನಿನ ಕಹಾಲ್ 1890ರಲ್ಲಿ ಕೋಳಿಯ ಭ್ರೂಣದಲ್ಲಿ ಕಂಡರು. ಅವರ ಮುಂದಿದ್ದುದು ಬಣ್ಣಹಾಕಿದ ನಿರ್ಜೀವ ತೆಳುಪದರಗಳು. ಶಿಲಾಶಾಸನವನ್ನು ನೋಡಿ ಅಂದಿನ ಜನಜೀವನವನ್ನು ಊಹಿಸುವವನಂತೆ, ಅವರು ನಿಶ್ಚಲವಾದುದರಿಂದ ಚಲನೆಯನ್ನು ಊಹಿಸಿದರು. ಊಹೆ ಸರಿಯೆಂದು ತಿಳಿದುದು 1907ರಲ್ಲಿ. ಹ್ಯಾರಿಸನ್ ಅವರು ಕಪ್ಪೆಯ ಭ್ರೂಣದ ನರಭಾಗವನ್ನು ದುಗ್ಧರಸದ ಹನಿಯಲ್ಲಿರಿಸಿ, ತಂತು ಬೆಳೆಯುವುದನ್ನು ಕಣ್ಣಾರೆ ಕಂಡರು. ನಮ್ಮ ಶಾಸ್ತ್ರಕ್ಕೆ ಇಂಥ ಹ್ಯಾರಿಸನ್ನರು ದೊರೆಯುವುದಿಲ್ಲ.

ತಂತು ಮುಂದುವರಿಯುವುದು ಹೇಗೆಂಬ ಪ್ರಶ್ನೆ ಕೋಶಪಂಜರದತ್ತ ಒಯ್ಯುತ್ತದೆ. ಪಂಜರವೆಂಬ ಹೆಸರೇ ಕೊಂಚ ದಾರಿತಪ್ಪಿಸುವಂಥದು. ಎಲುಬಿನಂತೆ ಅದು ಸ್ಥಿರವಲ್ಲ. ಆಕ್ಟಿನ್ ಎಳೆಗಳೂ ಸೂಕ್ಷ್ಮನಾಳಗಳೂ ಕಟ್ಟಿಕೊಳ್ಳುತ್ತ, ಕಳಚಿಕೊಳ್ಳುತ್ತ ಇರುತ್ತವೆ. ಎಳೆಯ ನರಕೋಶವು ಮೊದಲು ಸರಿಸುಮಾರು ಒಂದೇ ತೆರನಾದ ಹಲವು ಚಾಚುಗಳನ್ನು ಹೊರಡಿಸುತ್ತದೆ. ಅವುಗಳಲ್ಲಿ ಒಂದು ಮಾತ್ರ ನೀಳವಾಗಿ ಬೆಳೆದು ಆಕ್ಸಾನ್ ಆಗುತ್ತದೆ. ಆ ಒಂದನ್ನು ಆರಿಸುವುದು ಯಾವುದು? ಬ್ರಾಡ್ಕೆ ಮತ್ತು ದೊತ್ತಿಯವರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಕ್ಟಿನ್ ಎಳೆಗಳನ್ನು ಸಡಿಲಿಸುವ ಔಷಧವನ್ನು ಕೋಶಕ್ಕೆಲ್ಲ ಕೊಟ್ಟಾಗ ಹಲವು ಆಕ್ಸಾನುಗಳು ಹುಟ್ಟಿದುವು. ಒಂದೇ ಚಾಚಿನ ತುದಿಗೆ ಕೊಟ್ಟಾಗ ಅದೇ ಆಕ್ಸಾನ್ ಆಯಿತು. 2008ರಲ್ಲಿ ಬ್ರಾಡ್ಕೆಯವರ ತಂಡವು ಒಂದು ಚಾಚಿನೊಳಗಿನ ಸೂಕ್ಷ್ಮನಾಳಗಳನ್ನು ಸ್ಥಿರಗೊಳಿಸಿಯೂ ಇದನ್ನೇ ಸಾಧಿಸಿತು. ಈ ಎರಡು ಲೇಖನಗಳನ್ನು ನಾವು ಮೆಚ್ಚುವುದು ಜೊತೆಗಿರುವುದನ್ನೇ ಕಾರಣವೆಂದು ಕರೆಯದ ಅವುಗಳ ಶಿಸ್ತಿಗಾಗಿ. ಒಂದು ಕಡೆ ಕೈಯಿಟ್ಟು, ಫಲ ಅಲ್ಲಿಯೇ ಬದಲಾಯಿತೆಂದು ತೋರಿಸಿದ ಬಳಿಕ ಕಾರಣವನ್ನು ಹೇಳುವುದು ನ್ಯಾಯವಾದುದು.

ಪಾತ್ರೆಯಲ್ಲಿ ಬೆಳೆದ ಕೋಶದಿಂದ ಗಾಯಗೊಂಡ ಬೆನ್ನುಹುರಿಗೆ ಬರುವಾಗ ಪ್ರಮಾಣದ ಬಲ ಬೇರೆಯಾಗುತ್ತದೆ. ಕಡಿದ ತಂತುವಿನ ತುದಿ ಉಬ್ಬಿ ನಿಲ್ಲುವುದನ್ನು ಕಹಾಲರೂ ಕಂಡಿದ್ದರು. ಅಂಥ ಉಬ್ಬುಗಳೊಳಗೆ ಸೂಕ್ಷ್ಮನಾಳಗಳು ಅಸ್ತವ್ಯಸ್ತವಾಗಿರುವುದನ್ನು ತೋರಿಸಿದ ಬ್ರಾಡ್ಕೆಯವರ ತಂಡವು, ಅವುಗಳನ್ನು ಸ್ಥಿರಗೊಳಿಸುವ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧವನ್ನು ಗಾಯಗೊಂಡ ಇಲಿಗಳಿಗೆ ಕೊಟ್ಟಿತು. ಗಾಯದ ಕಲೆ ಕುಗ್ಗಿತು, ತಂತುಗಳು ಬೆಳೆದುವು, ನಡಿಗೆ ಸುಧಾರಿಸಿತು ಎಂದು 2011ರ ಲೇಖನ ಹೇಳಿತು. ಪೊಪೊವಿಚ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಇದನ್ನು ಸ್ವತಂತ್ರವಾಗಿ ಮರಳಿ ಪರೀಕ್ಷಿಸಿ 2014ರಲ್ಲಿ ಫಲವನ್ನು ಪ್ರಕಟಿಸಿದರು. ಬೆನ್ನುಹುರಿಯನ್ನು ಅರ್ಧ ಕಡಿದ ಇಲಿಗಳಲ್ಲಿ ಕಲೆ ಕುಗ್ಗಿದುದು ನಿಜವೆಂದಾಯಿತು. ಆದರೆ ಜಜ್ಜುಗಾಯವಾದವುಗಳಲ್ಲಿ ಸೆರೊಟೋನಿನ್ ತಂತುಗಳು ಹೆಚ್ಚು ಬೆಳೆಯಲೂ ಇಲ್ಲ, ನಡಿಗೆ ಸುಧಾರಿಸಲೂ ಇಲ್ಲ.

ಇದರಿಂದ 2011ರ ಲೇಖನವೇ ಸುಳ್ಳಾಯಿತೆಂದು ನಾವು ಹೇಳುವುದಿಲ್ಲ. ಎರಡು ಪ್ರತಿಗಳು ಒಂದು ಪಾಠದಲ್ಲಿ ಕೂಡಿ ಮತ್ತೊಂದರಲ್ಲಿ ಬೇರೆಯಾದರೆ, ಕೂಡಿದ ಪಾಠವನ್ನು ಹಿಡಿದು ಬೇರೆಯಾದುದನ್ನು ಸಂದಿಗ್ಧವೆಂದು ಗುರುತಿಸುವುದು ಸಂಪಾದಕರ ಕ್ರಮ. ಇಲ್ಲಿ ಕಲೆಯ ಮಾತು ನಿಂತಿತು; ನಡಿಗೆಯ ಮಾತು ಸಂದಿಗ್ಧವಾಯಿತು. ನಮ್ಮ ಆಕ್ಷೇಪಣೆ ಸಂಶೋಧಕರ ಮೇಲಲ್ಲ, ಕಹಾಲರಿಂದ ಟ್ಯಾಕ್ಸಾಲಿನವರೆಗೆ ಒಂದೇ ಏರುದಾರಿಯನ್ನು ಹಾಕಿ 2014ನ್ನು ದಾಟಿಹೋಗುವ ಕಥನಕಾರರ ಮೇಲೆ. ವಿಜಯದ ಶಾಸನಗಳನ್ನಷ್ಟೇ ಓದಿ ರಾಜ್ಯದ ಚರಿತ್ರೆ ಬರೆಯುವ ರೂಢಿ ನಮ್ಮಲ್ಲಿಯೂ ಉಂಟು.

ಬ್ರಾಡ್ಕೆಯವರ ತಂಡ 2015ರಲ್ಲಿ, ರಕ್ತದಿಂದ ಮಿದುಳಿಗೂ ಬೆನ್ನುಹುರಿಗೂ ದಾಟಬಲ್ಲ ಎಪೊಥಿಲೋನ್ ಬಿ ಎಂಬ ಬೇರೆ ಔಷಧದಿಂದ ಕಲೆ ಕುಗ್ಗಿ, ತಂತು ಬೆಳೆದು, ಇಲಿಗಳ ಚಲನೆ ಸುಧಾರಿಸಿತೆಂದು ಪ್ರಕಟಿಸಿತು. ಮೂಲವಿಚಾರಕ್ಕೆ ಇದು ಗಣ್ಯವಾದ ಬೆಂಬಲ. ಆದರೂ ಔಷಧ ಬೇರೆ, ಕೊಟ್ಟ ಬಗೆ ಬೇರೆಯಾದುದರಿಂದ, ಟ್ಯಾಕ್ಸಾಲಿನ ವಿಷಯವಾಗಿ 2014ರಲ್ಲಿ ಎದ್ದ ಸಂದೇಹಕ್ಕೆ ಇದು ಉತ್ತರವಾಗಲಾರದು. ಮನುಷ್ಯರ ಬೆನ್ನುಹುರಿಯ ಗಾಯಗಳಲ್ಲಿ ಹೆಚ್ಚಿನವು ಕಡಿತದವಲ್ಲ, ಜಜ್ಜುಗಾಯಗಳು. ಸಂದೇಹ ಎದ್ದುದೂ ಆ ಬಗೆಯ ಗಾಯದಲ್ಲಿಯೇ.