ಕಾಯುವವನಿಗೂ ಕೆಲಸ ಬೇಕು

ಅಂಬೇವಾಡಿಯಲ್ಲಿ ಒಬ್ಬ, ಹುಬ್ಬಳ್ಳಿಯಲ್ಲಿ ಇಬ್ಬರು, ಪುಣೆಯಲ್ಲಿ ಮತ್ತೊಬ್ಬ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಪಾತ್ರವಾಗಿ ಮಾತಾಡುತ್ತ ಕಥೆ ಕಟ್ಟುವ ಆಟವನ್ನು ಆನ್‌ಲೈನಿನಲ್ಲಿ ಆಡುವುದು ಇವತ್ತು ದೊಡ್ಡ ಮಾತಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟಕ್ಕೆ ಆಗ ಒಂದು ಮೇಜು ಬೇಕಿತ್ತು. ಈಗ ನಕ್ಷೆ, ದಾಳಗಳು ರೋಲ್20 ಎಂಬ ಜಾಲತಾಣದಲ್ಲಿವೆ, ಮಾತುಕತೆಗೆ ಡಿಸ್ಕಾರ್ಡ್ ಇದೆ. ಕಷ್ಟ ಇರುವುದು ಆಟಗಾರರನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ. ತನ್ನ ಪಾಳಿ ಮುಗಿದವನು ಮೈಕ್ ಮ್ಯೂಟ್ ಮಾಡಿ ವಾಟ್ಸಾಪ್ ನೋಡಲು ಹೋಗುತ್ತಾನೆ. ಹೆಸರು ಹಿಡಿದು ಕರೆದಾಗ ‘ಏನಾಯ್ತು, ಇನ್ನೊಮ್ಮೆ ಹೇಳಿ’ ಎನ್ನುತ್ತಾನೆ. ಕಥೆ ಹೇಳುತ್ತ ಆಟ ನಡೆಸುವವರು ಇದಕ್ಕೆ ಪರಿಹಾರವೆಂದು ಇನ್ನಷ್ಟು ಚೆಂದದ ನಕ್ಷೆ, ಹಿನ್ನೆಲೆ ಸಂಗೀತ ಜೋಡಿಸುತ್ತಾರೆ. ಆದರೆ ಅಲ್ಲಿ ಕಡಿಮೆ ಬಿದ್ದಿರುವುದು ನೋಟವಲ್ಲ, ಕಾಯುವವನಿಗೆ ಕೆಲಸ.

ಇದಕ್ಕೆ ಸಾಕ್ಷಿ ನಮ್ಮ ಉತ್ತರ ಕನ್ನಡದಲ್ಲೇ ಇದೆ. ಯಲ್ಲಾಪುರದಿಂದ ಶಿರಸಿ, ಸಿದ್ದಾಪುರ, ಕರಾವಳಿಯವರೆಗೂ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಕೂತಲ್ಲೇ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಮಾತು ಬಾಯಿಪಾಠದ್ದಲ್ಲ, ಅಲ್ಲೇ ಹುಟ್ಟುವಂಥದ್ದು. ವಾಲಿವಧೆ ಪ್ರಸಂಗವನ್ನೇ ನೋಡಿ. ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ಮುಂದಿನ ಪ್ರಶ್ನೆ ಯಾವ ದಿಕ್ಕಿನಿಂದ ಬರುತ್ತದೆಂದು ರಾಮನ ಅರ್ಥ ಹೇಳುವವರಿಗೆ ತಿಳಿಯದು. ಹಾಗಾಗಿ ಎದುರಿನವರು ಮಾತಾಡುವಷ್ಟು ಹೊತ್ತೂ ಅವರ ಕಿವಿ ಅಲ್ಲೇ ಇರಬೇಕು. ಒಂದು ಎಳೆ ತಪ್ಪಿದರೆ ಉತ್ತರ ಸೋಲುತ್ತದೆ. ಮಾತು ಅತಿಯಾಗಿ ಬೆಳೆದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಪ್ರಸಂಗವನ್ನು ದಾಟಿಸುತ್ತಾರೆ. ಆ ಒಂದು ಹಿಡಿತದಲ್ಲಿ ಎಷ್ಟು ವಿವೇಕವಿದೆ! ಆನ್‌ಲೈನ್ ಆಟ ನಡೆಸುವವರು ಮೊದಲು ಕಲಿಯಬೇಕಾದದ್ದು ಅದನ್ನೇ: ಒಬ್ಬನ ಕಾಳಗ ಹತ್ತು ನಿಮಿಷ ಎಳೆಯಲು ಬಿಡದೆ, ‘ನಿನ್ನ ಗೆಳೆಯ ಸೇತುವೆ ಮೇಲೆ ಒಬ್ಬನೇ ಸಿಕ್ಕಿಬಿದ್ದಿದ್ದಾನೆ, ಹಗ್ಗ ನಿನ್ನ ಕೈಯಲ್ಲಿದೆ, ಏನು ಮಾಡುತ್ತೀ?’ ಎಂದು ಸುಮ್ಮನಿದ್ದವನನ್ನು ಕೇಳುವುದು.

ತಾಳಮದ್ದಳೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು, ಆಟದಲ್ಲಿ ದಾಳ ಬೀಳುವವರೆಗೆ ಏನೂ ಗೊತ್ತಿಲ್ಲ, ಹೋಲಿಕೆ ಸರಿಯೇ ಎಂದು ಕೇಳಬಹುದು. ಈ ವ್ಯತ್ಯಾಸ ನನ್ನ ಮಾತಿಗೇ ಬಲ ಕೊಡುತ್ತದೆ. ವಾಲಿ ಸಾಯುತ್ತಾನೆಂದು ಗೊತ್ತಿದ್ದೂ ಜನ ರಾತ್ರಿಯೆಲ್ಲ ಕೂರುತ್ತಾರೆಂದರೆ, ಮನಸ್ಸನ್ನು ಹಿಡಿಯುವುದು ಮುಂದೇನಾಗುತ್ತದೆ ಎಂಬ ಕುತೂಹಲವೊಂದೇ ಅಲ್ಲ. ಈ ಮಾತಿಗೆ ಅವನು ಏನನ್ನುತ್ತಾನೆ ಎಂಬ ಕಾತರವೂ ಹೌದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಅರ್ಥಧಾರಿಗಳು ಪುರಾಣ ಅರೆದು ಕುಡಿದವರು, ಆಟಕ್ಕೆ ಬರುವವರು ವಾರವಿಡೀ ದುಡಿದು ದಣಿದವರು. ಎಲ್ಲರಿಗೂ ಮಾತಿನ ಶಕ್ತಿ ಇರುವುದಿಲ್ಲ. ನಿಜ. ಕೇಳುತ್ತ ಕೂರುವುದೇ ಕೆಲವರಿಗೆ ಇಷ್ಟ, ಅವರನ್ನು ಗೋಳು ಹೊಯ್ದುಕೊಳ್ಳಬಾರದು. ಆದರೆ ತಾಳಮದ್ದಳೆಯಲ್ಲೂ ಹೊಸಬರಿಗೆ ಮೊದಲ ದಿನವೇ ಕೃಷ್ಣನ ಪಾತ್ರ ಕೊಡುವುದಿಲ್ಲ; ದೂತನಂಥ ಸಣ್ಣ ಪಾತ್ರ, ನಾಲ್ಕು ಮಾತು. ಆನ್‌ಲೈನ್ ಆಟದಲ್ಲೂ ಮಾತು ಕಡಿಮೆಯವನಿಗೆ ಭಾಷಣದ ಹೊರೆ ಬೇಡ. ಬಾಗಿಲು ತೆರೆಯಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವನಿಗೆ ಬಿಡಿ, ಅವನು ಹೇಳಿದಂತೆಯೇ ಕಥೆ ತಿರುಗಲಿ. ಎರಡು ವಾರದ ನಂತರ ಆ ಬಾಗಿಲಿನ ಫಲ ಮತ್ತೆ ಎದುರಾದರೆ, ಕರೆಯುವ ಮೊದಲೇ ಅವನು ಮೈಕ್ ತೆರೆದಿರುತ್ತಾನೆ.