ಜಾಹೀರಾತಿನ ವ್ಯಯವೂ ಫಲವೂ: ಮೈಸೂರು ಸ್ಯಾಂಡಲ್ ಸಾಬೂನಿನ ನಿದರ್ಶನ

2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ, 6.20 ಕೋಟಿ ರೂಪಾಯಿಗಳ ಸಂಭಾವನೆಯ ಮೇಲೆ, ಮೈಸೂರು ಸ್ಯಾಂಡಲ್ ಸಾಬೂನಿನ ರಾಯಭಾರಿಯನ್ನಾಗಿ ನೇಮಿಸಿತು. ಕನ್ನಡದ ನಟಿಯನ್ನೇಕೆ ಆರಿಸಲಿಲ್ಲವೆಂಬುದು ಆಗ ಎದ್ದ ಮುಖ್ಯ ಆಕ್ಷೇಪ. ಹೊರರಾಜ್ಯಗಳ ಮಾರುಕಟ್ಟೆಯನ್ನು ಗೆಲ್ಲಬೇಕು, 2028ರ ಹೊತ್ತಿಗೆ ವಾರ್ಷಿಕ ವಹಿವಾಟು 5,000 ಕೋಟಿಗೆ ಏರಬೇಕು ಎಂಬುದು ಸರ್ಕಾರದ ಸಮಾಧಾನ. ಹೆಚ್ಚು ಹಣ ಸುರಿದರೆ ಜಾಹೀರಾತು ಹೆಚ್ಚು ಫಲಿಸುವುದೆಂಬ ನಂಬಿಕೆಯು ಮಾತ್ರ ಬಹುಮಟ್ಟಿಗೆ ಪರೀಕ್ಷೆಗೊಳಗಾಗದೆ ಉಳಿಯಿತು.

ಈ ಸಾಬೂನಿನ ಪೂರ್ವಚರಿತ್ರೆಯೇ ಆ ನಂಬಿಕೆಗೆ ಪ್ರತಿಕೂಲವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ಕುಂಠಿತವಾದಾಗ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆಯ ಕೈಗಾರಿಕೆ ಆರಂಭವಾಯಿತು; ಅದರ ಬೆನ್ನಿಗೇ ಸಾಬೂನು ಹುಟ್ಟಿತು. ಎಸ್. ಜಿ. ಶಾಸ್ತ್ರಿಗಳು ಅದಕ್ಕೆ ಅಂಡಾಕೃತಿಯನ್ನೂ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆಯನ್ನೂ, ಸಿಂಹದೇಹ ಗಜಮುಖಗಳ ಶರಭ ಲಾಂಛನವನ್ನೂ ಕೊಟ್ಟರು. ಆ ಪೆಟ್ಟಿಗೆಯೇ ಈ ಸಾಬೂನಿನ ಅತ್ಯುತ್ತಮ ಜಾಹೀರಾತೆಂಬುದು ನಮ್ಮ ಮತ. ಅಂಗಡಿಯ ಕಪಾಟಿನಲ್ಲಿ ಕುಳಿತೇ ಅದು ತಾನಾರೆಂಬುದನ್ನು ಹೇಳುತ್ತದೆ. ಬಿಚ್ಚಿದೊಡನೆ ಹೊಮ್ಮುವ ಪರಿಮಳವು ಆ ಮಾತನ್ನು ರುಜುವಾತುಪಡಿಸುತ್ತದೆ. ಹೇಗೂ ಬೇಕಾಗಿದ್ದ ಹೊದಿಕೆಯೇ ಪ್ರಚಾರಕನಾದುದರಿಂದ ಪ್ರತ್ಯೇಕ ವ್ಯಯವು ಅತ್ಯಲ್ಪ.

ಹಾಗೆಂದು ಹಣವು ನಿಷ್ಪ್ರಯೋಜಕವೆಂದು ನಾವು ಹೇಳುತ್ತಿಲ್ಲ. 1966ರಿಂದ ಕಾಣಿಸಿಕೊಂಡ ಅಮೂಲ್ ಬೆಣ್ಣೆಯ ಫಲಕಗಳನ್ನು ಮಿತವ್ಯಯದ ಮಾದರಿಯೆಂದು ಕೊಂಡಾಡುವವರು, ನಗರದ ಕೂಡುರಸ್ತೆಯಲ್ಲಿ ಫಲಕಕ್ಕೂ ಬಾಡಿಗೆಯುಂಟೆಂಬುದನ್ನು ಮರೆಯುತ್ತಾರೆ. ಆದರೆ ಅಲ್ಲಿ ಹಣ ಹೋದದ್ದು ಸ್ಥಳಕ್ಕೆ ಮತ್ತು ಪುನರಾವೃತ್ತಿಗೆ. ಚುಕ್ಕಿಯ ಅಂಗಿ ತೊಟ್ಟ ಆ ಹುಡುಗಿ ಬೇರೊಬ್ಬ ತಯಾರಕನ ಪರವಾಗಿ ಮಾತನಾಡುವವಳಲ್ಲ. ತಾರೆಯ ಮುಖವಾದರೋ ಎರವಲು. ಇಂದು ಸಾಬೂನಿಗೆ, ನಾಳೆ ಒಡವೆಗೆ. 2006ರಲ್ಲಿ ಕ್ರಿಕೆಟ್ ಆಟಗಾರ ಧೋನಿಯವರೂ ಇದೇ ಸಾಬೂನಿನ ರಾಯಭಾರಿಯಾಗಿದ್ದರು. ಆ ಸಂಗತಿ ಇಂದು ಎಷ್ಟು ಮಂದಿ ಗ್ರಾಹಕರ ನೆನಪಿನಲ್ಲಿದೆ?

ಆದುದರಿಂದ 6.20 ಕೋಟಿ ದೊಡ್ಡ ಮೊತ್ತವೋ ಚಿಕ್ಕದೋ ಎಂಬುದಕ್ಕಿಂತ, ಉತ್ತರ ಭಾರತದ ಗ್ರಾಹಕನಿಗೆ ಆ ಮುಖವು ಏನನ್ನು ಹೇಳುತ್ತದೆ ಎಂಬುದೇ ವಿಚಾರಾರ್ಹ. ಅಪ್ಪಟ ಗಂಧದೆಣ್ಣೆಯ ಮಾತನ್ನು ಹೇಳಿದಲ್ಲಿ ವ್ಯಯವು ಸಾರ್ಥಕವಾದೀತು. ಮೈಕಾಂತಿಯನ್ನಷ್ಟೇ ಹೇಳಿದಲ್ಲಿ ಅದು ಯಾವ ಸಾಬೂನಿಗೂ ಸಲ್ಲುವ ಮಾತು. ಜಾಹೀರಾತನ್ನು ಕಂಡು ಕೊಳ್ಳಹೊರಟವನಿಗೆ ತನ್ನ ಬೀದಿಯ ಅಂಗಡಿಯಲ್ಲಿ ಸಾಬೂನು ದೊರೆಯದಿದ್ದರಂತೂ, ಹಣವನ್ನು ಪ್ರಚಾರಕ್ಕಿಂತ ಮೊದಲು ಸಾಗಣೆಗೆ ಒದಗಿಸಬೇಕಾಗುತ್ತದೆ.